ಲೈನ್ ಎಳೆಯುವ ಮುನ್ನ ಹೃದಯದೊಳಗೆ ಒಂದು ನೋಟ

ರಾತ್ರಿ ಎರಡು ಗಂಟೆ. ಐಸಿಯುವಿನಲ್ಲಿ ದೀಪ ಆರಿಸುವ ಪದ್ಧತಿಯಿಲ್ಲ; ಹೊತ್ತು ಎಷ್ಟಾಯಿತೆಂದು ಗೋಡೆಯ ಗಡಿಯಾರವೇ ಹೇಳಬೇಕು. ಹಾಸಿಗೆಯಲ್ಲಿರುವ ರೋಗಿಯ ಬಾಯೊಳಗೆ ವೆಂಟಿಲೇಟರಿನ ಕೊಳವೆ. ಕುತ್ತಿಗೆಯ ಬಲಗಡೆ ಹೊಲಿಗೆ ಹಾಕಿ, ಪಾರದರ್ಶಕ ಪಟ್ಟಿ ಅಂಟಿಸಿದ ಇನ್ನೊಂದು ಕೊಳವೆ. ಪಕ್ಕದಲ್ಲಿ ಡಯಾಲಿಸಿಸ್ ಯಂತ್ರ. ಸಂಜೆಯಿಂದ ಅದು ಮತ್ತೆ ಮತ್ತೆ ಕೂಗಿಕೊಂಡು ನಿಂತಿದೆ: ಕೊಳವೆಯಿಂದ ರಕ್ತ ಸಲೀಸಾಗಿ ಬರುತ್ತಿಲ್ಲ. ಸಿಸ್ಟರ್ ರೋಗಿಯ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೋಡಿದ್ದಾರೆ, ಸಲೈನ್ ತಳ್ಳಿ ನೋಡಿದ್ದಾರೆ. ಜತೆಗೆ ಜ್ವರ, ಎರಡು ಬಗೆಯ ಆ್ಯಂಟಿಬಯಾಟಿಕ್ ಕೊಟ್ಟರೂ ಇಳಿದಿಲ್ಲ.

‘ಲೈನ್ ಹಳೇದಾಯ್ತು ಡಾಕ್ಟ್ರೇ, ತೆಗೆದು ಬೇರೆ ಹಾಕಿಬಿಡೋಣ’ ಎನ್ನುತ್ತಾರೆ ಸಿಸ್ಟರ್. ಅನುಭವದ ಮಾತು, ಹೆಚ್ಚಿನ ಸಲ ಅದೇ ಸರಿಯಾದ ದಾರಿ. ಆದರೂ ಡ್ಯೂಟಿ ಡಾಕ್ಟರ್ ಹೊಲಿಗೆ ಕತ್ತರಿಸುವ ಮೊದಲು ಮೂಲೆಯಲ್ಲಿದ್ದ ಅಲ್ಟ್ರಾಸೌಂಡ್ ಯಂತ್ರವನ್ನು ಉರುಳಿಸಿಕೊಂಡು ಬರುತ್ತಾರೆ. ಪ್ರೋಬಿಗೆ ಜೆಲ್ ಸವರಿ, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಕಡೆ ಒತ್ತಿ ಹಿಡಿಯುತ್ತಾರೆ. ಪರದೆಯ ಮೇಲೆ ಹೃದಯ ಮೂಡುತ್ತದೆ. ಅದರ ಬಲ ಮೇಲ್ಕೋಣೆಯ ಕಪ್ಪಿನೊಳಗೆ, ಲೈನಿನ ತುದಿಗೆ ಅಂಟಿಕೊಂಡ ಬೂದು ಬಣ್ಣದ ಗಂಟೊಂದು ಪ್ರತಿ ಬಡಿತಕ್ಕೂ ಕವಾಟದ ಬಾಯಿಯ ತನಕ ಹೋಗಿ ಹಿಂದಿರುಗುತ್ತಿದೆ.

ಲೈನ್ ತೆಗೆಯುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಈಗ ಎಳೆದರೆ ಆ ಗಂಟು ಕೊಳವೆಯೊಂದಿಗೆ ಹೊರಬಾರದೆ, ಒಳಗೇ ಕಳಚಿಕೊಂಡು ನೇರವಾಗಿ ಶ್ವಾಸಕೋಶದ ರಕ್ತನಾಳಕ್ಕೆ ಹೋಗಿ ಕೂರಬಹುದು.

ಮನೆಯವರನ್ನು ಐಸಿಯುವಿನಲ್ಲಿ ಬಿಟ್ಟು ಹೊರಗಿನ ಕುರ್ಚಿಯಲ್ಲಿ ರಾತ್ರಿ ಕಳೆದವರಿಗೆ ‘ಸೆಂಟ್ರಲ್ ಲೈನ್ ಹಾಕ್ಬೇಕು, ಇಲ್ಲಿ ಸಹಿ ಮಾಡಿ’ ಎಂಬ ಮಾತು ನೆನಪಿರುತ್ತದೆ. ಆ ಗಡಿಬಿಡಿಯಲ್ಲಿ ಸಹಿ ಬೀಳುತ್ತದೆ. ಲೈನ್ ಎಲ್ಲಿಗೆ ಹೋಯಿತು, ಅಲ್ಲಿ ಕೂತು ಏನು ಮಾಡುತ್ತದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರುವುದಿಲ್ಲ. ಜೀವ ಉಳಿಸುವ ಈ ಕೊಳವೆಯೇ ಒಮ್ಮೊಮ್ಮೆ ಹೃದಯದೊಳಗೆ ಹೆಪ್ಪು ಬೆಳೆಸುತ್ತದೆ. ಅದನ್ನು ರೋಗಿಯನ್ನು ಅಲುಗಾಡಿಸದೆ, ಹಾಸಿಗೆಯ ಪಕ್ಕದಲ್ಲೇ ನೋಡಿ ಹಿಡಿಯುವ ವಿದ್ಯೆ ಈಗ ವೈದ್ಯರ ಕೈಯಲ್ಲಿದೆ.

ಕುತ್ತಿಗೆಯಿಂದ ಹೃದಯದ ಬಾಗಿಲಿಗೆ

ಕೈಗೆ ಹಾಕುವ ಡ್ರಿಪ್ಪಿನ ಸೂಜಿ ಕೂರುವುದು ಸಣ್ಣ ರಕ್ತನಾಳದಲ್ಲಿ. ರಕ್ತದೊತ್ತಡ ಕುಸಿದವರಿಗೆ ಕೊಡುವ ನಾರ್‌ಅಡ್ರಿನಲಿನ್‌ನಂಥ ಔಷಧಿ ಅಲ್ಲಿಂದ ಸೋರಿದರೆ ಸುತ್ತಲಿನ ಚರ್ಮ ಸತ್ತು ಕಪ್ಪಾಗಬಹುದು. ಡಯಾಲಿಸಿಸ್‌ ಮಾಡಬೇಕಾದರೆ ನಿಮಿಷಕ್ಕೆ 200ರಿಂದ 300 ಮಿಲಿಲೀಟರ್ ರಕ್ತ ಹೊರಬಂದು ಶುದ್ಧವಾಗಿ ಮತ್ತೆ ಒಳಹೋಗಬೇಕು. ಇದು ಕೈಯ ಸೂಜಿಯಿಂದ ಆಗುವ ಕೆಲಸವಲ್ಲ. ಹಾಗಾಗಿ ಕುತ್ತಿಗೆ, ಕೊರಳೆಲುಬಿನ ಕೆಳಭಾಗ ಅಥವಾ ತೊಡೆಸಂದಿಯ ದೊಡ್ಡ ಅಭಿಧಮನಿಯನ್ನೇ ಹುಡುಕಬೇಕಾಗುತ್ತದೆ.

ಬಲ ಕುತ್ತಿಗೆಯಿಂದ ಒಳಹೋದ ಲೈನ್ ಸುಮಾರು 15 ಸೆಂಟಿಮೀಟರ್ ಕೆಳಗಿಳಿದು, ತಲೆ ಮತ್ತು ತೋಳುಗಳ ರಕ್ತವನ್ನೆಲ್ಲ ಹೊತ್ತು ತರುವ ಮಹಾಭಿಧಮನಿಯು ಹೃದಯವನ್ನು ಕೂಡುವ ಜಾಗದ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ಬಾಗಿಲು ದಾಟಿದರೆ ಬಲ ಹೃತ್ಕರ್ಣ, ಅಂದರೆ ಹೃದಯದ ಬಲ ಮೇಲ್ಕೋಣೆ. ಔಷಧಿ ಕೊಡುವ ಮಾಮೂಲಿ ಲೈನಿನ ದಪ್ಪ ಎರಡೂಕಾಲು ಮಿಲಿಮೀಟರಿನಷ್ಟು; ಡಯಾಲಿಸಿಸ್ ಲೈನು ನಾಲ್ಕು ಮಿಲಿಮೀಟರಿನಷ್ಟು. ತಿಂಗಳುಗಟ್ಟಲೆ ಇರಲೆಂದು ಎದೆಯ ಚರ್ಮದಡಿ ಸುರಂಗ ಮಾಡಿ ಹಾಕುವ ಡಯಾಲಿಸಿಸ್ ಲೈನನ್ನು ನಮ್ಮ ಆಸ್ಪತ್ರೆಗಳಲ್ಲಿ ‘ಪರ್ಮಕ್ಯಾತ್’ ಎನ್ನುತ್ತಾರೆ. ರಕ್ತದ ಹರಿವು ಚೆನ್ನಾಗಿರಲೆಂದು ಅದರ ತುದಿಯನ್ನು ಹೃತ್ಕರ್ಣದ ಒಳಗೇ ಇಡುತ್ತಾರೆ.

ಹೃದಯದೊಳಗೆ ಕೊಳವೆ ಇಡಬಹುದು ಎಂಬ ಧೈರ್ಯ ಬಂದದ್ದೇ 1929ರಲ್ಲಿ. ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿದ್ದ ಯುವ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನದೇ ಮೊಣಕೈಯ ರಕ್ತನಾಳ ತೆರೆದು, ಮೂತ್ರನಾಳಕ್ಕೆ ಬಳಸುವ ಕೊಳವೆಯನ್ನು 65 ಸೆಂಟಿಮೀಟರ್ ಒಳಗೆ ತಳ್ಳಿಕೊಂಡರು. ಹಾಗೇ ಮೆಟ್ಟಿಲು ಇಳಿದು ಎಕ್ಸ್‌ರೇ ಕೋಣೆಗೆ ಹೋಗಿ, ಕೊಳವೆಯ ತುದಿ ಹೃದಯದ ಬಲಭಾಗ ತಲುಪಿದ್ದನ್ನು ಚಿತ್ರದಲ್ಲಿ ಹಿಡಿದರು. ಹಿರಿಯರ ಒಪ್ಪಿಗೆಯಿಲ್ಲದೆ ಮಾಡಿದ ಈ ಸಾಹಸಕ್ಕೆ ಆಗ ಸಿಕ್ಕಿದ್ದು ಹೆಚ್ಚಾಗಿ ಬೈಗುಳ. 1956ರಲ್ಲಿ ಆಂಡ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಜತೆ ನೊಬೆಲ್ ಬಂತು.

ಆದರೆ ಫೋರ್ಸ್‌ಮನ್ ದಾರಿಯಲ್ಲಿ ರಕ್ತನಾಳವನ್ನು ಕೊಯ್ದು ತೆರೆಯಬೇಕಿತ್ತು. 1953ರಲ್ಲಿ ಸ್ವೀಡನ್‌ನ ವೈದ್ಯ ಸ್ವೆನ್ ಇವಾರ್ ಸೆಲ್ಡಿಂಗರ್ ಸುಲಭದ ಉಪಾಯ ಕೊಟ್ಟರು: ಸೂಜಿ ಚುಚ್ಚು, ಸೂಜಿಯೊಳಗಿಂದ ಬಾಗುವ ತಂತಿ ಇಳಿಸು, ಸೂಜಿ ತೆಗೆ, ತಂತಿಯ ಮೇಲೆ ಕೊಳವೆ ಜಾರಿಸು, ಕೊನೆಗೆ ತಂತಿಯನ್ನೂ ಹೊರಗೆಳೆ. ಇವತ್ತು ಕಲಬುರ್ಗಿಯಲ್ಲಿರಲಿ, ಮಂಗಳೂರಿನಲ್ಲಿರಲಿ, ಐಸಿಯುವಿನಲ್ಲಿ ಲೈನ್ ಹಾಕುವುದು ಇದೇ ಕ್ರಮದಲ್ಲಿ.

ಒಳಗೆ ಹೆಪ್ಪು ಕಟ್ಟುವುದೇಕೆ?

ರಕ್ತ ಹರಿಯುತ್ತಿರುವಾಗ ಹೆಪ್ಪುಗಟ್ಟಬಾರದು, ಗಾಯವಾದಾಗ ಹೆಪ್ಪುಗಟ್ಟಲೇಬೇಕು. ದೇಹ ಈ ಎರಡನ್ನೂ ಏಕಕಾಲಕ್ಕೆ ಸಂಭಾಳಿಸುತ್ತದೆ. ಹತ್ತೊಂಬತ್ತನೇ ಶತಮಾನದ ಜರ್ಮನ್ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನೊಂದಿಗೆ ಮೂರು ಕಾರಣಗಳನ್ನು ವೈದ್ಯ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ: ರಕ್ತನಾಳದ ಒಳಪದರಕ್ಕೆ ಪೆಟ್ಟು ಬೀಳುವುದು, ಹರಿವು ನಿಧಾನವಾಗುವುದು ಇಲ್ಲವೇ ಸುಳಿಯಾಗುವುದು, ರಕ್ತವೇ ಹೆಪ್ಪುಗಟ್ಟುವ ಗುಣ ಪಡೆಯುವುದು. ಐಸಿಯುವಿನಲ್ಲಿ ಲೈನ್ ಇರುವ ರೋಗಿಯಲ್ಲಿ ಈ ಮೂರೂ ಒಟ್ಟಿಗೇ ಸೇರಿಕೊಂಡಿರುತ್ತವೆ.

ಹೃದಯ ಸುಮ್ಮನೆ ಕೂರುವ ಅಂಗವಲ್ಲ. ನಿಮಿಷಕ್ಕೆ ಎಂಬತ್ತೋ ನೂರೋ ಬಾರಿ ಕುಗ್ಗಿ ಹಿಗ್ಗುತ್ತದೆ. ಲೈನಿನ ತುದಿ ತುಸು ಆಳಕ್ಕೆ ಇಳಿದಿದ್ದರೆ ಪ್ರತಿ ಬಡಿತಕ್ಕೂ ಹೃತ್ಕರ್ಣದ ತೆಳು ಗೋಡೆಯನ್ನು ಸವರುತ್ತದೆ. ಮೆದುವಾದ ಹಗ್ಗ ಬಾವಿಕಟ್ಟೆಯ ಕಲ್ಲನ್ನು ವರ್ಷಗಳಲ್ಲಿ ಸವೆಸುವಂತೆ, ಇಲ್ಲಿ ಪ್ಲಾಸ್ಟಿಕ್ಕಿನ ತುದಿ ದಿನಗಳಲ್ಲೇ ಒಳಪದರವನ್ನು ಕೆರೆದುಬಿಡುತ್ತದೆ. ಕೆರೆದ ಕಡೆ ಪ್ಲೇಟ್‌ಲೆಟ್‌ಗಳು ಮುತ್ತಿಕೊಳ್ಳುತ್ತವೆ, ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆ ಹೆಣೆಯುತ್ತವೆ, ಆ ಬಲೆಯಲ್ಲಿ ಕೆಂಪು ಕಣಗಳು ಸಿಕ್ಕಿಬೀಳುತ್ತವೆ.

ಗೋಡೆ ಮುಟ್ಟದಿದ್ದರೂ ಲೈನಿನ ಮೈಮೇಲೆ ಫೈಬ್ರಿನ್ ಪೊರೆ ಮೊದಲ ದಿನದಿಂದಲೇ ಕಟ್ಟತೊಡಗುತ್ತದೆ. ಹೊರವಸ್ತು ಒಳಬಂದಾಗ ದೇಹ ಮಾಡುವ ಸಹಜ ಕೆಲಸ ಇದು. ಬಹಳಷ್ಟು ರೋಗಿಗಳಲ್ಲಿ ಇದರಿಂದ ಏನೂ ತೊಂದರೆಯಾಗುವುದಿಲ್ಲ. ಆದರೆ ಬ್ಯಾಕ್ಟೀರಿಯಾಗಳಿಗೆ ಇದು ಬೇರೂರಲು ಒಳ್ಳೆಯ ನೆಲ. ಸೋಂಕು ಹತ್ತಿದರೆ ಹೆಪ್ಪು ದಪ್ಪವಾಗುತ್ತದೆ, ಹೆಪ್ಪು ದಪ್ಪವಾದಷ್ಟೂ ಅದರೊಳಗಿನ ರೋಗಾಣುವಿಗೆ ಆ್ಯಂಟಿಬಯಾಟಿಕ್ ತಲುಪುವುದಿಲ್ಲ. ಜ್ವರ ಇಳಿಯದ ಆ ರೋಗಿಯ ಕಥೆ ಹೀಗೆ ಶುರುವಾಗಿರಬಹುದು.

ಇದರ ಮೇಲೆ ರೋಗಿಯ ಕಾಯಿಲೆ ಬೇರೆ. ಸೆಪ್ಸಿಸ್, ಕ್ಯಾನ್ಸರ್, ದೊಡ್ಡ ಶಸ್ತ್ರಚಿಕಿತ್ಸೆ, ಅಲುಗಾಡದೆ ಮಲಗಿರುವುದು, ಎಲ್ಲವೂ ರಕ್ತವನ್ನು ಹೆಪ್ಪಿನ ಕಡೆಗೇ ವಾಲಿಸುತ್ತವೆ. ಕೋವಿಡ್ ಕಾಲದಲ್ಲಿ ಐಸಿಯುಗಳು ಈ ಪಾಠವನ್ನು ಬಹಳ ನೋವಿನಿಂದ ಕಲಿತವು.

ಕಷ್ಟವೆಂದರೆ, ಹೃದಯದೊಳಗೆ ಹೆಪ್ಪು ಕಟ್ಟಿದೆಯೆಂದು ಹೇಳುವ ಖಚಿತ ಲಕ್ಷಣ ಯಾವುದೂ ಇಲ್ಲ. ಲೈನಿನಿಂದ ರಕ್ತ ಬಾರದಿರುವುದು, ಇಳಿಯದ ಜ್ವರ, ಇದ್ದಕ್ಕಿದ್ದಂತೆ ಆಮ್ಲಜನಕದ ಮಟ್ಟ ಇಳಿಯುವುದು, ಮುಖ–ಕುತ್ತಿಗೆಯ ಬಾವು ಇವೆಲ್ಲ ಸುಳಿವುಗಳು. ಪ್ರತಿಯೊಂದಕ್ಕೂ ಬೇರೆ ಹತ್ತು ಕಾರಣಗಳಿರಬಹುದು. ಎಷ್ಟೋ ರೋಗಿಗಳಲ್ಲಿ ಯಾವ ಸುಳಿವೂ ಇರುವುದಿಲ್ಲ. ನಿದ್ರೆಯ ಔಷಧಿಯಲ್ಲಿರುವವರು ‘ಎದೆ ಭಾರ ಆಗ್ತಿದೆ’ ಎಂದು ಹೇಳುವುದಾದರೂ ಹೇಗೆ? ನೋಡಿದರೆ ಮಾತ್ರ ಗೊತ್ತಾಗುವ ಕಾಯಿಲೆ ಇದು.

ಹಡಗುಕಟ್ಟೆಯಿಂದ ಬಂದ ಯಂತ್ರ

ಸೆಲ್ಡಿಂಗರ್ ತಂತಿಯ ಉಪಾಯ ಪ್ರಕಟಿಸಿದ ಅದೇ 1953ರಲ್ಲಿ, ಅದೇ ಸ್ವೀಡನ್ನಿನ ಲುಂಡ್ ನಗರದಲ್ಲಿ ಇನ್ನೊಂದು ಕೆಲಸ ನಡೆಯಿತು. ಹೃದ್ರೋಗ ವೈದ್ಯ ಇಂಗೆ ಎಡ್ಲರ್ ಅವರಿಗೆ ಶಸ್ತ್ರಚಿಕಿತ್ಸೆಗೆ ಮೊದಲು ಹೃದಯದ ಕವಾಟದ ಸ್ಥಿತಿ ತಿಳಿಯುವ ದಾರಿ ಬೇಕಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರಿಗೆ ಮಾಲ್ಮೋದ ಕೋಕಮ್ಸ್ ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಹುಡುಕುವ ಶಬ್ದದ ಯಂತ್ರವಿರುವುದು ಗೊತ್ತಿತ್ತು. ಅದನ್ನು ಕಡ ತಂದು ಎದೆಯ ಮೇಲಿಟ್ಟರು. ಬಡಿಯುವ ಹೃದಯದ ಗೋಡೆಯಿಂದ ಪ್ರತಿಧ್ವನಿ ವಾಪಸು ಬಂತು. ಎಕೋ ಹುಟ್ಟಿದ್ದು ಹಾಗೆ.

ಕೊಳವೆಯನ್ನು ಸಲೀಸಾಗಿ ಒಳಸೇರಿಸುವ ಉಪಾಯ, ಆ ಕೊಳವೆಯಿಂದಾದ ಕೇಡನ್ನು ಹೊರಗಿನಿಂದಲೇ ನೋಡುವ ಉಪಾಯ ಎರಡೂ ಒಂದೇ ದೇಶದಲ್ಲಿ ಒಂದೇ ವರ್ಷ ಕಣ್ಣು ಬಿಟ್ಟವು. ಅವು ಒಂದೇ ಹಾಸಿಗೆಯ ಪಕ್ಕ ಭೇಟಿಯಾಗಲು ಮಾತ್ರ ಅರ್ಧ ಶತಮಾನ ಹಿಡಿಯಿತು. ಎಕೋ ಯಂತ್ರ ಅಷ್ಟು ದೊಡ್ಡದಿತ್ತು, ಹೃದ್ರೋಗ ತಜ್ಞರ ಕೋಣೆ ಬಿಟ್ಟು ಕದಲುತ್ತಿರಲಿಲ್ಲ. ರೋಗಿಯೇ ಅಲ್ಲಿಗೆ ಹೋಗಬೇಕಿತ್ತು. ವೆಂಟಿಲೇಟರ್, ಐದಾರು ಸಿರಿಂಜ್ ಪಂಪು, ಆಮ್ಲಜನಕದ ಸಿಲಿಂಡರ್ ಸಮೇತ ರೋಗಿಯನ್ನು ಲಿಫ್ಟಿನಲ್ಲಿ ಸಾಗಿಸುವುದು ಎಷ್ಟು ಅಪಾಯದ ಕೆಲಸವೆಂದು ಅದನ್ನು ಮಾಡಿದ ವಾರ್ಡ್‌ಬಾಯ್‌ಗಳನ್ನು ಕೇಳಬೇಕು.

ಯಂತ್ರದ ಕೆಲಸ ಸರಳ. ನಮ್ಮ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20 ಸಾವಿರ ಕಂಪನದ ಶಬ್ದ ಕೇಳುತ್ತದೆ. ಹೃದಯ ನೋಡುವ ಪ್ರೋಬ್ ಹೊರಡಿಸುವುದು 20ರಿಂದ 50 ಲಕ್ಷ ಕಂಪನದ ಶಬ್ದ. ಮೈಯೊಳಗೆ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗುತ್ತದೆ. 15 ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಐದು ಸಾವಿರದಲ್ಲೊಂದು ಭಾಗ. ಮರಳಿ ಬರಲು ಹಿಡಿದ ಸಮಯದಿಂದ ಆಳ ತಿಳಿಯುತ್ತದೆ, ಪ್ರತಿಧ್ವನಿಯ ಬಲದಿಂದ ಬಿಳುಪು–ಬೂದು ನಿರ್ಧಾರವಾಗುತ್ತದೆ. ವಿಕಿರಣವಿಲ್ಲ, ಆದ್ದರಿಂದ ದಿನಕ್ಕೆ ಎರಡು ಸಲ ನೋಡಿದರೂ ರೋಗಿಗೆ ಹಾನಿಯಿಲ್ಲ.

ಪರದೆಯಲ್ಲಿ ಹುಡುಕುವುದೇನು?

ಎಕೋ ಎಂದರೆ ನಮ್ಮವರಿಗೆ ತಟ್ಟನೆ ನೆನಪಾಗುವುದು ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ ಟೋಕನ್ ಹಿಡಿದು ಕಾಯುವ ಸಾಲು, ಎಡಮಗ್ಗುಲಾಗಿ ಮಲಗಿಸಿ ಅರ್ಧ ಗಂಟೆ ಅಳೆದು ಬರೆಯುವ ವರದಿ. ಹಾಸಿಗೆ ಪಕ್ಕದ ಎಕೋ ಅದರ ಬದಲಿಗೆ ಬಂದದ್ದಲ್ಲ. ಇಲ್ಲಿ ವೈದ್ಯರು ಒಂದೋ ಎರಡೋ ಪ್ರಶ್ನೆ ಇಟ್ಟುಕೊಂಡು ನೋಡುತ್ತಾರೆ. ಹೃದಯ ಚೆನ್ನಾಗಿ ಕುಗ್ಗುತ್ತಿದೆಯೇ? ಬಲಭಾಗ ಊದಿದೆಯೇ? ಸುತ್ತ ನೀರು ತುಂಬಿದೆಯೇ? ಲೈನಿನ ತುದಿ ಎಲ್ಲಿದೆ, ಅದಕ್ಕೆ ಏನಾದರೂ ಅಂಟಿದೆಯೇ? ಉತ್ತರ ಸಿಕ್ಕ ಕೂಡಲೇ ಚಿಕಿತ್ಸೆ ಬದಲಾಗುತ್ತದೆ. ಈ ಕೊನೆಯ ಪ್ರಶ್ನೆಯನ್ನು ಕೇಳುವವರು ಇನ್ನೂ ಕಡಿಮೆ. ಎಡ ಹೃದಯ ನೋಡಿ ಪ್ರೋಬ್ ಒರೆಸಿಡುವ ಅಭ್ಯಾಸ ಬಲವಾಗಿದೆ.

ವೆಂಟಿಲೇಟರಿನಲ್ಲಿರುವ ರೋಗಿಯ ಹೃದಯ ನೋಡುವುದು ಸುಲಭವಲ್ಲ. ಗಾಳಿ ತುಂಬಿದ ಶ್ವಾಸಕೋಶ ಹೃದಯದ ಮುಂದೆ ಬಂದು ನಿಲ್ಲುತ್ತದೆ. ಶಬ್ದಕ್ಕೆ ಗಾಳಿಯೇ ದೊಡ್ಡ ಅಡ್ಡಗೋಡೆ. ಎದೆಯ ಮೇಲೆ ಬ್ಯಾಂಡೇಜು, ಇಸಿಜಿ ಪಟ್ಟಿಗಳು. ಮಗ್ಗುಲು ಹೊರಳಿಸುವಂತಿಲ್ಲ. ಹಾಗಾಗಿ ಎದೆಗೂಡಿನ ಕೆಳಗಿನಿಂದ, ಯಕೃತ್ತಿನ ಮೂಲಕ ನೋಡುವ ಕೋನ ಐಸಿಯುವಿನಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಯಕೃತ್ತು ಶಬ್ದವನ್ನು ಚೆನ್ನಾಗಿ ಹಾಯಿಸುತ್ತದೆ, ಅದರಾಚೆ ಮೊದಲು ಸಿಗುವುದೇ ಹೃದಯದ ಬಲಭಾಗ.

ಪರದೆಯಲ್ಲಿ ರಕ್ತ ಕಪ್ಪು. ಲೈನು ಅಕ್ಕಪಕ್ಕದ ಎರಡು ಹೊಳೆಯುವ ಗೆರೆ. ಹೆಪ್ಪು ಬೂದು. ಹೊಸದಾಗಿ ಕಟ್ಟಿದ ಹೆಪ್ಪು ರಕ್ತದಷ್ಟೇ ಮಂಕಾಗಿರುವುದರಿಂದ ಕಣ್ತಪ್ಪಬಹುದು, ಹಳೆಯದಾದಂತೆ ಬಿಳಿಚುತ್ತದೆ. ಅದು ಲೈನಿಗೆ ಅಂಟಿದೆಯೋ, ಗೋಡೆಗೋ? ಬುಡ ಅಗಲವಾಗಿದೆಯೋ, ಸಣ್ಣ ತೊಟ್ಟಿನ ಮೇಲೆ ನೇತಾಡುತ್ತಿದೆಯೋ? ಕವಾಟ ದಾಟಿ ಕೆಳಕೋಣೆಗೆ ಇಣುಕುತ್ತಿದೆಯೋ? 1989ರಲ್ಲಿ ಯುರೋಪಿನ ಎಕೋ ತಜ್ಞರ ತಂಡ ಬಲ ಹೃದಯದ ಹೆಪ್ಪುಗಳನ್ನು ಮೂರು ಗುಂಪು ಮಾಡಿತು. ಕಾಲಿನ ರಕ್ತನಾಳದಿಂದ ಕಳಚಿ ಬಂದು ಹೃದಯದಲ್ಲಿ ಉದ್ದಕ್ಕೆ ಹೊರಳಾಡುವುದು ಮೊದಲನೆಯದು, ಅತ್ಯಂತ ಅಪಾಯದ್ದು. ಅಲ್ಲೇ ಹುಟ್ಟಿ ಗೋಡೆಗೆ ಅಂಟಿ ಕೂತದ್ದು ಎರಡನೆಯದು. ಎರಡರ ನಡುವಿನದು ಮೂರನೆಯದು. ಲೈನಿನಿಂದ ಹುಟ್ಟುವ ಹೆಪ್ಪು ಹೆಚ್ಚಾಗಿ ಕೊನೆಯ ಎರಡು ಗುಂಪಿಗೆ ಸೇರುತ್ತದೆ.

ಅನುಮಾನವಿದ್ದರೆ ಇನ್ನೊಂದು ಪರೀಕ್ಷೆ ಇದೆ, ಖರ್ಚೇ ಇಲ್ಲದ್ದು. ಎರಡು ಸಿರಿಂಜುಗಳ ನಡುವೆ ಸಲೈನನ್ನು ಒಂದಿಷ್ಟು ಗಾಳಿಯೊಂದಿಗೆ ಅತ್ತಿತ್ತ ರಭಸವಾಗಿ ತಳ್ಳಿದರೆ ಸೂಕ್ಷ್ಮ ಗುಳ್ಳೆಗಳು ಏಳುತ್ತವೆ. ಅದನ್ನು ಲೈನಿನ ಮೂಲಕ ಬಿಟ್ಟರೆ, ತುದಿ ಸರಿಯಾದ ಜಾಗದಲ್ಲಿದ್ದಾಗ ಎರಡು ಸೆಕೆಂಡಿನೊಳಗೆ ಹೃತ್ಕರ್ಣ ಬೆಳ್ಳಗೆ ತುಂಬಿಕೊಳ್ಳುತ್ತದೆ. ಹೆಪ್ಪು ಇರುವ ಕಡೆ ಮಾತ್ರ ಗುಳ್ಳೆ ನುಗ್ಗುವುದಿಲ್ಲ, ಅಲ್ಲೊಂದು ಕಪ್ಪು ಆಕಾರ ಉಳಿಯುತ್ತದೆ. ಗುಳ್ಳೆಗಳು ಬೇಗನೆ ಎಡಕೋಣೆಯಲ್ಲೂ ಕಂಡರೆ ಎರಡು ಮೇಲ್ಕೋಣೆಗಳ ನಡುವೆ ರಂಧ್ರವಿದೆ ಎಂದರ್ಥ. ನಾಲ್ವರು ವಯಸ್ಕರಲ್ಲಿ ಒಬ್ಬರಿಗೆ ಹುಟ್ಟಿನಿಂದ ಇಂಥ ಸಣ್ಣ ಕಿಂಡಿ ಉಳಿದಿರುತ್ತದೆ. ಆರೋಗ್ಯವಂತರಿಗೆ ಅದರಿಂದ ತೊಂದರೆಯಿಲ್ಲ. ಬಲಗಡೆ ಹೆಪ್ಪು ಓಲಾಡುತ್ತಿರುವಾಗ ಅದೇ ಕಿಂಡಿ ಪಾರ್ಶ್ವವಾಯುವಿಗೆ ದಾರಿಯಾಗಬಹುದು, ಏಕೆಂದರೆ ಎಡಕ್ಕೆ ದಾಟಿದ ಚೂರು ಮಿದುಳಿಗೂ ಹೋಗಬಲ್ಲದು. ಕಿಂಡಿಯ ಅನುಮಾನ ಇರುವವರಲ್ಲಿ ಗುಳ್ಳೆಯ ಪರೀಕ್ಷೆಯನ್ನೂ ಎಚ್ಚರದಿಂದಲೇ ಮಾಡಬೇಕು.

ಹೆಪ್ಪಿನಂತೆ ಕಂಡದ್ದೆಲ್ಲ ಹೆಪ್ಪಲ್ಲ

ಗರ್ಭದಲ್ಲಿರುವಾಗ ತಾಯಿಯಿಂದ ಬಂದ ಒಳ್ಳೆಯ ರಕ್ತವನ್ನು ಎಡಕ್ಕೆ ತಿರುಗಿಸಲು ಹೃತ್ಕರ್ಣದಲ್ಲೊಂದು ಪದರವಿರುತ್ತದೆ. ಹದಿನಾರನೇ ಶತಮಾನದ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಬಾರ್ತೊಲೊಮಿಯೊ ಯುಸ್ಟೇಕಿ ಅವರ ಹೆಸರು ಅದಕ್ಕಿದೆ. ಹುಟ್ಟಿದ ಮೇಲೆ ಅದಕ್ಕೆ ಕೆಲಸವಿಲ್ಲ, ಆದರೂ ಹಲವರಲ್ಲಿ ಉಳಿದುಬಿಡುತ್ತದೆ. ಇನ್ನು ನೂರಕ್ಕೆ ಸುಮಾರು ಇಬ್ಬರಲ್ಲಿ, 1897ರಲ್ಲಿ ಹಾನ್ಸ್ ಕಿಯಾರಿ ವಿವರಿಸಿದ ತೆಳ್ಳನೆಯ ಎಳೆಗಳ ಜಾಲ ಇರುತ್ತದೆ. ರಕ್ತದ ಹರಿವಿನಲ್ಲಿ ತೇಲಾಡುತ್ತದೆ. ಅವಸರದಲ್ಲಿ ನೋಡಿದವರಿಗೆ ಎರಡೂ ಹೆಪ್ಪಿನಂತೆಯೇ ಕಾಣುತ್ತವೆ.

ಹೃದಯದ ಗಡ್ಡೆಯಾದ ಮಿಕ್ಸೋಮ, ಸೋಂಕಿನಿಂದ ಕವಾಟದ ಮೇಲೆ ಬೆಳೆದ ಗಂಟು, ಲೈನಿನ ಗೆರೆಯೇ ಪ್ರತಿಫಲಿಸಿ ಮೂಡಿಸುವ ಸುಳ್ಳು ಆಕೃತಿ ಇವೂ ದಾರಿ ತಪ್ಪಿಸುತ್ತವೆ. ಹೆಪ್ಪಿಲ್ಲದವರಿಗೆ ಹೆಪ್ಪು ಕರಗಿಸುವ ಔಷಧಿ ಕೊಟ್ಟು ಮಿದುಳಿನಲ್ಲಿ ರಕ್ತಸ್ರಾವವಾದರೆ ಅದಕ್ಕೆ ಪರಿಹಾರವಿಲ್ಲ. ಆದ್ದರಿಂದ ಒಂದೇ ಕೋನದಲ್ಲಿ ಕಂಡದ್ದನ್ನು ನಂಬದೆ ಎರಡು ಮೂರು ಕೋನದಿಂದ ನೋಡಬೇಕು, ಲೈನ್ ಹಾಕುವ ಮೊದಲಿನ ಎಕೋ ಇದ್ದರೆ ಹೋಲಿಸಬೇಕು, ವಿಡಿಯೊ ಉಳಿಸಿ ಹೃದ್ರೋಗ ತಜ್ಞರಿಗೆ ತೋರಿಸಬೇಕು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಎದೆಯ ಮೇಲಿನಿಂದ ನೋಡಿದಾಗ ಹೆಪ್ಪು ಕಾಣಲಿಲ್ಲ ಎಂದರೆ ಹೆಪ್ಪಿಲ್ಲ ಎಂದಾಗುವುದಿಲ್ಲ. ಮಹಾಭಿಧಮನಿಯ ಬಾಯಿ ಈ ಕೋನಗಳಿಂದ ಸರಿಯಾಗಿ ಸಿಗುವುದೇ ಇಲ್ಲ. ಅನುಮಾನ ಬಲವಾಗಿದ್ದರೆ ಅನ್ನನಾಳದೊಳಗೆ ಪ್ರೋಬ್ ಇಳಿಸಿ ಮಾಡುವ ಎಕೋ ಬೇಕು. ಅನ್ನನಾಳ ಹೃದಯದ ಬೆನ್ನಿಗೇ ಇದೆ. ನಡುವೆ ಎಲುಬಿಲ್ಲ, ಶ್ವಾಸಕೋಶವಿಲ್ಲ. ಲೈನು, ಅದರ ತುದಿ, ಹೃತ್ಕರ್ಣದ ಗೋಡೆ ಎಲ್ಲ ನಿಚ್ಚಳ. ಅದಕ್ಕೆ ನುರಿತ ವೈದ್ಯರು ಬೇಕು, ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ‘ಎಕೋ ನಾರ್ಮಲ್’ ಎಂದು ಕೇಸ್‌ಶೀಟಿನಲ್ಲಿ ಬರೆಯುವ ಕಡೆ ‘ಈ ಕೋನಗಳಲ್ಲಿ ಹೆಪ್ಪು ಕಾಣಲಿಲ್ಲ’ ಎಂದು ಬರೆದರೆ ಮುಂದಿನ ಪಾಳಿಯ ವೈದ್ಯರಿಗೆ ಅದು ದೊಡ್ಡ ಉಪಕಾರ.

ಕಂಡ ಮೇಲೆ

ಹೆಪ್ಪು ಕಂಡ ಮೇಲಿನ ತೀರ್ಮಾನ ಪುಸ್ತಕ ತೆರೆದು ಓದುವಂಥದ್ದಲ್ಲ. ಈ ಕಾಯಿಲೆಯ ಮೇಲೆ ದೊಡ್ಡ ಪ್ರಮಾಣದ, ಎರಡು ಚಿಕಿತ್ಸೆಗಳನ್ನು ತೂಗಿ ನೋಡಿದ ಅಧ್ಯಯನಗಳಿಲ್ಲ. ವೈದ್ಯರ ಮುಂದಿರುವುದು ಬಿಡಿ ರೋಗಿಗಳ ವರದಿಗಳು ಮತ್ತು ಸಣ್ಣ ಗುಂಪುಗಳ ಅನುಭವ. ಹೆಪ್ಪಿನ ಗಾತ್ರ, ಓಲಾಟ, ಸೋಂಕು, ನಡುಗೋಡೆಯ ಕಿಂಡಿ, ರಕ್ತಸ್ರಾವದ ಭಯ, ಲೈನಿನ ಅಗತ್ಯ ಎಲ್ಲವನ್ನೂ ಮುಂದಿಟ್ಟುಕೊಂಡು ಐಸಿಯು, ಹೃದ್ರೋಗ, ಕಿಡ್ನಿ ವಿಭಾಗದವರು ಕೂಡಿ ನಿರ್ಧರಿಸಬೇಕು.

ಸಾಮಾನ್ಯವಾಗಿ ಮೊದಲು ಬರುವುದು ಹೆಪಾರಿನ್. ಅದು ಇರುವ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸ ದೇಹದ್ದು, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಅದರ ನಂತರ ಮಾತ್ರೆಗಳು. ರಕ್ತದೊತ್ತಡ ಕುಸಿಯುವಷ್ಟು ಹೆಪ್ಪು ಶ್ವಾಸಕೋಶಕ್ಕೆ ಹೋಗಿದ್ದರೆ ಕರಗಿಸುವ ಇಂಜೆಕ್ಷನ್ ಕೊಡುವುದುಂಟು, ರಕ್ತಸ್ರಾವದ ಅಪಾಯವನ್ನು ತಿಳಿದೇ. ದೊಡ್ಡ ಹೆಪ್ಪಿಗೆ ತೆರೆದ ಹೃದಯದ ಶಸ್ತ್ರಚಿಕಿತ್ಸೆ, ಕೆಲವು ಕಡೆ ಕೊಳವೆಯಿಂದ ಹೀರಿ ತೆಗೆಯುವ ಸಾಧನ. ಲೈನನ್ನು ಕೊನೆಗೆ ತೆಗೆಯಲೇಬೇಕಾಗುತ್ತದೆ, ಸೋಂಕಿದ್ದರಂತೂ ಬೇಗ. ಸಣ್ಣ ಹೆಪ್ಪಾದರೆ ಕೂಡಲೇ ತೆಗೆಯುವವರಿದ್ದಾರೆ. ದೊಡ್ಡದಾಗಿ ಓಲಾಡುತ್ತಿದ್ದರೆ ಮೊದಲು ಔಷಧಿ ಕೊಟ್ಟು, ಮತ್ತೆ ಮತ್ತೆ ಎಕೋ ಮಾಡಿ, ಅದು ಕುಗ್ಗಿದ ಮೇಲೆ ತೆಗೆಯುತ್ತಾರೆ. ಆ ಕಾಯುವಿಕೆಯ ದಿನಗಳಲ್ಲಿ ಹಾಸಿಗೆ ಪಕ್ಕದ ಯಂತ್ರದ ಬೆಲೆ ತಿಳಿಯುತ್ತದೆ.

ಪ್ರತಿ ಲೈನ್ ತೆಗೆಯುವಾಗಲೂ ಎಕೋ ಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಬಹಳ ದಿನ ಇದ್ದ ದಪ್ಪ ಲೈನು, ರಕ್ತ ಬಾರದ ಲೈನು, ಇಳಿಯದ ಜ್ವರ ಇವುಗಳಲ್ಲಿ ಒಂದಿದ್ದರೂ ಎರಡು ನಿಮಿಷ ನೋಡಿ ಆಮೇಲೆ ಎಳೆಯುವುದು ರೂಢಿಯಾಗಬೇಕು. ಎಳೆದಾದ ಮೇಲೆ ಹಿಂದಕ್ಕೆ ಹಾಕಲಾಗದ ಹೆಜ್ಜೆ ಅದು.

ಒಂದು ಕೆ.ಜಿ. ತೂಕದ ಮಗು

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಕೈಯಲ್ಲಿ ‘ನರ’ ಸಿಗುವುದೇ ಇಲ್ಲ. ಹೊಕ್ಕುಳ ರಕ್ತನಾಳದಿಂದಲೇ ಲೈನ್ ಹಾಕಿ, ತುದಿಯನ್ನು ಹೃತ್ಕರ್ಣದ ಹೊಸ್ತಿಲಲ್ಲಿ ನಿಲ್ಲಿಸುತ್ತಾರೆ. ಒಂದು ಕೆ.ಜಿ. ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ 80–90 ಮಿಲಿಲೀಟರ್. ಅಂಥ ಪುಟ್ಟ ಹೃದಯದಲ್ಲಿ ಕೆಲವೇ ಮಿಲಿಮೀಟರಿನ ಹೆಪ್ಪು ಕೂಡ ದಾರಿ ಕಟ್ಟಬಲ್ಲದು.

ಇಲ್ಲಿ ಎಕೋ ಒಂದು ವರ. ಎದೆಯ ಗೋಡೆ ತೆಳ್ಳಗೆ, ಎಲುಬು ಇನ್ನೂ ಎಳೆಯದು. ದೊಡ್ಡವರಲ್ಲಿ ಹೆಣಗಾಡಿ ಕಾಣುವುದು ಶಿಶುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾರಣ ತಿಳಿಯದೆ ಪ್ಲೇಟ್‌ಲೆಟ್ ಇಳಿಯುತ್ತಲೇ ಇದ್ದರೆ ಲೈನಿನ ತುದಿ ನೋಡಬೇಕೆಂದು ನವಜಾತ ಶಿಶು ತಜ್ಞರು ಬಲ್ಲರು. ಇನ್‌ಕ್ಯುಬೇಟರಿನ ಕಿಂಡಿಯಿಂದಲೇ ಪ್ರೋಬ್ ಇಟ್ಟು ನೋಡಬಹುದು, ಮಗುವನ್ನು ಹೊರತೆಗೆಯಬೇಕಿಲ್ಲ.

ಯಂತ್ರವಿದೆ, ಬೀಗವೂ ಇದೆ

ಬೇರೆ ದೇಶಗಳಲ್ಲಿ ವೈದ್ಯರು ಮೊಬೈಲಿಗೆ ಜೋಡಿಸುವ ಅಲ್ಟ್ರಾಸೌಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ. ನಮ್ಮಲ್ಲಿ ಅದು ಸಾಧ್ಯವಿಲ್ಲ. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ ಮತ್ತು ಅದರ ನಿಯಮಗಳಡಿ ಪ್ರತಿ ಅಲ್ಟ್ರಾಸೌಂಡ್ ಯಂತ್ರ ನೋಂದಣಿಯಾಗಬೇಕು. ಎಲ್ಲಿ, ಯಾರ ಕೈಯಲ್ಲಿ ಎಂಬುದೂ ದಾಖಲಾಗಬೇಕು. ಕೈಯಲ್ಲಿ ಹಿಡಿದೊಯ್ಯುವ ಯಂತ್ರವನ್ನು ನೋಂದಾಯಿತ ಆಸ್ಪತ್ರೆಯ ಆವರಣದಲ್ಲಿ ಒಳರೋಗಿಗಳಿಗೆ, ಇಲ್ಲವೇ ಸಂಚಾರಿ ಆರೋಗ್ಯ ಘಟಕದಲ್ಲಿ ಮಾತ್ರ ಬಳಸಬಹುದು.

ಈ ಕಾನೂನು ಸಡಿಲವಾಗಬೇಕೆಂದು ನಾನು ಹೇಳಲಾರೆ. ಹುಟ್ಟುವ ಮೊದಲೇ ಹೆಣ್ಣುಮಕ್ಕಳನ್ನು ಕಳೆದುಕೊಂಡ ನಾಡು ಇದು. ಕರ್ನಾಟಕದಲ್ಲೂ ಅಂಥ ಜಾಲಗಳು ಇತ್ತೀಚಿನವರೆಗೂ ಸಿಕ್ಕಿಬಿದ್ದಿವೆ. ಆದರೆ ಐಸಿಯುವಿನಲ್ಲಿ ನೋಂದಾಯಿತ ಯಂತ್ರ ಇಟ್ಟುಕೊಳ್ಳಲು ಕಾನೂನು ಅಡ್ಡಬರುವುದಿಲ್ಲ. ಅಡ್ಡಬರುವುದು ಯಂತ್ರವನ್ನು ಇನ್ನೊಂದು ಮಹಡಿಯ ಸ್ಕ್ಯಾನಿಂಗ್ ವಿಭಾಗದಲ್ಲಿಟ್ಟು ಸಂಜೆ ಬೀಗ ಹಾಕುವ ರೂಢಿ, ರಾತ್ರಿ ಪಾಳಿಯಲ್ಲಿ ಅದನ್ನು ಬಳಸಬಲ್ಲವರು ಇಲ್ಲದಿರುವುದು. ತರಬೇತಿ ಎಂದರೆ ಪ್ರೋಬ್ ಎಲ್ಲಿಡಬೇಕೆಂದು ಕಲಿಸುವುದಷ್ಟೇ ಆಗಬಾರದು. ಯುಸ್ಟೇಕಿಯ ಪದರವನ್ನು ಹೆಪ್ಪು ಎನ್ನದಿರಲು, ತಿಳಿಯದಾಗ ತಿಳಿದವರನ್ನು ಕರೆಯಲು ಕೂಡ ಕಲಿಸಬೇಕು.

ಲೈನೇ ಬೇಡವಾಗುವ ದಾರಿ

ಈ ಇಡೀ ತೊಂದರೆಯ ದೊಡ್ಡ ಪಾಲು ಡಯಾಲಿಸಿಸ್ ರೋಗಿಗಳದು. 2016ರಲ್ಲಿ ಕೇಂದ್ರ ಸರ್ಕಾರದ ಡಯಾಲಿಸಿಸ್ ಯೋಜನೆ ಬಂದ ಮೇಲೆ ಜಿಲ್ಲಾಸ್ಪತ್ರೆಗಳಲ್ಲಿ, ನಮ್ಮ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಲ್ಲೂ ಯಂತ್ರಗಳಿವೆ. ವಾರಕ್ಕೆ ಎರಡು ಮೂರು ಸಲ ಬಸ್ಸು ಹತ್ತಿ ಬರುವವರಲ್ಲಿ ಕುತ್ತಿಗೆಯ ಲೈನಿಗೆ ಟವೆಲ್ ಸುತ್ತಿಕೊಂಡವರು ಕಾಣುತ್ತಾರೆ. ಕೆಲವೇ ವಾರಕ್ಕೆಂದು ಹಾಕಿದ ಲೈನು ತಿಂಗಳುಗಟ್ಟಲೆ ಉಳಿಯುತ್ತದೆ. ಕಿಡ್ನಿ ಪೂರ್ತಿ ಕೈಕೊಟ್ಟ ಮೇಲೆ, ಉಸಿರಾಡಲಾಗದೆ ತುರ್ತಾಗಿ ಆಸ್ಪತ್ರೆಗೆ ಬಂದವರಿಗೆ ಬೇರೆ ದಾರಿ ಇರುವುದಿಲ್ಲ.

ಮೊದಲೇ ಬಂದವರಿಗೆ ಇದೆ. 1966ರಲ್ಲಿ ನ್ಯೂಯಾರ್ಕಿನ ಬ್ರೆಷಿಯಾ, ಚಿಮಿನೊ ಮತ್ತು ಸಂಗಡಿಗರು ಮಣಿಕಟ್ಟಿನ ಅಪಧಮನಿಯನ್ನು ಪಕ್ಕದ ಅಭಿಧಮನಿಗೆ ಹೊಲಿಯುವ ಫಿಸ್ಟುಲಾ ವಿಧಾನ ವಿವರಿಸಿದರು. ಅಪಧಮನಿಯ ಒತ್ತಡಕ್ಕೆ ಅಭಿಧಮನಿ ಹಿಗ್ಗಿ ದಪ್ಪವಾಗುತ್ತದೆ, ಡಯಾಲಿಸಿಸ್ ಸೂಜಿಯನ್ನು ಅಲ್ಲಿಗೇ ಚುಚ್ಚಬಹುದು. ಮೈಯೊಳಗೆ ಪ್ಲಾಸ್ಟಿಕ್ ಇಲ್ಲ, ಹೃದಯದಲ್ಲಿ ತುದಿಯಿಲ್ಲ. ಅದು ಪಕ್ವವಾಗಲು ಆರು ವಾರವೋ ಅದಕ್ಕಿಂತ ಹೆಚ್ಚೋ ಬೇಕು. ಆದ್ದರಿಂದ ಕಿಡ್ನಿ ಸೋಲುತ್ತಿರುವುದನ್ನು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಿರುವಾಗಲೇ, ಡಯಾಲಿಸಿಸ್ ಇನ್ನೂ ದೂರವಿರುವಾಗಲೇ ಮಾಡಿಸಬೇಕು. ‘ಈಗಲೇ ಯಾಕೆ ಕೈ ಕೊಯ್ಸೋದು’ ಎಂದು ಮುಂದೂಡಿದವರೇ ಮುಂದೆ ಕುತ್ತಿಗೆಯ ಲೈನಿಗೆ ಬರುತ್ತಾರೆ.

ಫಿಸ್ಟುಲಾಕ್ಕೆ ಚೆನ್ನಾಗಿರುವ ರಕ್ತನಾಳ ಉಳಿದಿರಬೇಕು. ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರು ಬಲಗೈ ಬಳಸುವವರಾದರೆ ಎಡ ಮುಂಗೈಗೆ ಡ್ರಿಪ್ಪಾಗಲಿ, ರಕ್ತ ತೆಗೆಯುವ ಸೂಜಿಯಾಗಲಿ ಚುಚ್ಚಿಸಿಕೊಳ್ಳಬಾರದು. ಹಸ್ತದ ಹಿಂಬದಿಯ ನಾಳಕ್ಕೆ ಹಾಕಿ ಎಂದು ಸಿಸ್ಟರ್‌ಗೆ ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಮೂತ್ರದ ಪ್ರೋಟೀನ್ ಮತ್ತು ಕ್ರಿಯಾಟಿನಿನ್ ನೋಡಿಸಿಕೊಂಡರೆ ಈ ತಯಾರಿಗೆ ಬೇಕಾದ ಸಮಯ ಸಿಗುತ್ತದೆ. ಈಗಾಗಲೇ ಲೈನ್ ಇರುವವರು ಚಳಿ–ಜ್ವರ ಬಂದ ದಿನವೇ, ಡಯಾಲಿಸಿಸ್‌ನ ಮುಂದಿನ ಪಾಳಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಐಸಿಯುವಿನಲ್ಲಿರುವವರ ಮನೆಯವರು ದಿನವೂ ವೈದ್ಯರನ್ನು ಕೇಳಬಹುದಾದ ಪ್ರಶ್ನೆಯೂ ಒಂದಿದೆ: ‘ಡಾಕ್ಟ್ರೇ, ಕುತ್ತಿಗೆ ಲೈನ್ ಇವತ್ತೂ ಬೇಕಾ?’